ಸೊಪ್ಪಿನ ಮನೆಯಲ್ಲಿ ಮಾವಿನ ಸಿಪ್ಪೆ

ಹಿತ್ತಿಲ ಮೂಲೆಯ ಕೋಣೆಯ ಬಾಗಿಲ ಕೆಳಗಿನಿಂದ ಹೊರಟ ಹಳದಿ ಗೆರೆಯೊಂದು ಸಿಮೆಂಟಿನ ಮೇಲೆ ಎರಡು ಬೆರಳಿನಷ್ಟು ಅಗಲವಾಗಿ ಹರಿದು, ಮೋರಿಯ ಬಾಯಿಯ ಹತ್ತಿರ ಒಣಗಿ ಹೊಳೆಯುತ್ತಿತ್ತು. ಅದರ ಅಂಚಿನಲ್ಲಿ ಎಳ್ಳಿನಷ್ಟು ಸಣ್ಣ ನೊರಜುಗಳು ಕೂತಿದ್ದವು. ನಾನು ಬಾಗಿದಾಗ ಎದ್ದವು, ಮತ್ತೆ ಅಲ್ಲಿಗೇ ಬಂದು ಕೂತವು. ಅರಿಶಿನದ ನೀರು ಅಂದುಕೊಂಡೆ. ದೊಡ್ಡಮ್ಮ ಹೊಸ್ತಿಲುಗಳಿಗೆಲ್ಲ ಅರಿಶಿನ ಹಚ್ಚುತ್ತಾಳೆ, ತೊಳೆದ ನೀರು ಹೀಗೆ ಹರಿದಿರಬೇಕು. ಮಾರನೆಯ ದಿನವೂ ಗೆರೆ ಇತ್ತು. ಆಮೇಲೆ ಇನ್ನಷ್ಟು ಅಗಲವಾಯಿತು. ಅರಿಶಿನ ಎಂಬ ಉತ್ತರ ಆಗಲೇ ನನ್ನ ಬಳಿ ಇದ್ದದ್ದರಿಂದ ನಾನು ಯಾರನ್ನೂ ಏನೂ ಕೇಳಲಿಲ್ಲ.

ಆಗ ನಾನು ಮೇಲೂರಿನ ಹತ್ತಿರದ ಒಂದು ಹಳ್ಳಿಯಲ್ಲಿ, ಅಮ್ಮನ ಅಕ್ಕನ ಮನೆಯಲ್ಲಿದ್ದೆ. ನಮ್ಮ ಸ್ವಂತ ಮನೆ ಗೌರಿಬಿದನೂರಿನ ಆಚೆ, ನಗರಗೆರೆ ಕಡೆ. ಆಹಾರ ವಿಜ್ಞಾನ ಓದಿ ಮುಗಿಸಿದ ಮೇಲೆ ನನಗೆ ಕೆಲಸ ಸಿಕ್ಕಿದ್ದು ಚಿಂತಾಮಣಿ ಕಡೆಯ ಒಂದು ಮಾವಿನ ತಿರುಳಿನ ಕಾರ್ಖಾನೆಯಲ್ಲಿ. ನಗರಗೆರೆಯಿಂದ ದಿನಾ ಹೋಗಿಬರುವುದು ಆಗದ ಮಾತು. ‘ಅಕ್ಕನ ಮನೆ ಇರೋವಾಗ ರೂಮು ಯಾಕೆ’ ಎಂದು ಅಮ್ಮ ತೀರ್ಮಾನ ಮಾಡಿದಳು. ನನಗೆ ರೂಮೇ ಬೇಕಿತ್ತು. ಹೇಳಲಿಲ್ಲ.

ದೊಡ್ಡಮ್ಮನದು ರೇಷ್ಮೆ ಹುಳ ಸಾಕುವ ಮನೆ. ಹಿತ್ತಿಲಲ್ಲಿ ಹುಳದ ಮನೆ, ಅದರ ಪಕ್ಕ ಹಿಪ್ಪುನೇರಳೆ ಸೊಪ್ಪು ಇಡುವ ಹೊಸ ಕೋಣೆ, ಮೂಲೆಯಲ್ಲಿ ಈಗ ಬಳಕೆಯಲ್ಲಿಲ್ಲದ ಹಳೆಯ ಸೊಪ್ಪಿನ ಮನೆ. ಇಷ್ಟಕ್ಕೂ ಸೇರಿ ಒಂದು ಬಲೆಯ ಬೇಲಿ, ಒಂದು ಗೇಟು. ಗೇಟಿನ ಬುಡದಲ್ಲಿ ಬ್ಲೀಚಿಂಗ್ ಪೌಡರಿನ ನೀರಲ್ಲಿ ನೆನೆಸಿದ ಗೋಣಿ. ಹುಳ ಇರುವಷ್ಟು ದಿನ ಅದರ ಮೇಲೆ ಕಾಲಿಟ್ಟು ಹೋಗುವವರು ದೊಡ್ಡಮ್ಮ, ದೊಡ್ಡಪ್ಪ ಇಬ್ಬರೇ. ಹೊರಗಿನವರು ಬರುವಂತಿಲ್ಲ. ಸೆಂಟು ಹಾಕಿದವರು, ಒಗ್ಗರಣೆಯ ಘಾಟು ಹತ್ತಿಸಿಕೊಂಡವರು ಬರುವಂತಿಲ್ಲ. ಹುಳಕ್ಕೆ ವಾಸನೆ ಆಗುವುದಿಲ್ಲ.

ನಾನು ಬರುವುದು ಸಾಧ್ಯವೇ ಇರಲಿಲ್ಲ. ಸಂಜೆ ಬಸ್ಸಿಳಿಯುವ ಹೊತ್ತಿಗೆ ನನ್ನ ಜಡೆ, ಚೂಡಿದಾರದ ತೋಳು, ಉಗುರಿನ ಸಂದು ಎಲ್ಲವೂ ಮಾವಿನ ಹಣ್ಣು.

‘ನೀನು ಆ ಕಡೆ ಸುಳೀಬ್ಯಾಡ ಕಣಮ್ಮ,’ ಎಂದು ದೊಡ್ಡಮ್ಮ ಮೊದಲ ದಿನವೇ ಹೇಳಿದ್ದಳು. ‘ನಿನ್ ಮೈಯೆಲ್ಲ ಹಣ್ಣು ಹಣ್ಣು ವಾಸ್ನೆ. ಹುಳ ತಲೆ ಎತ್ಕೊಂಡು ಸೊಪ್ಪು ಬಿಟ್ಬಿಡ್ತಾವೆ.’

ಹಾಗಾಗಿ ನಾನು ಆ ಬೇಲಿಯ ಈಚೆಗೇ ಉಳಿದೆ. ಕೊಟ್ಟಿಗೆ ಈಚೆ ಇತ್ತು. ಹಳೆಯ ಸೊಪ್ಪಿನ ಮನೆಯ ಮೋರಿಯೂ ಈಚೆಗೆ ಬರುತ್ತಿತ್ತು. ನನಗೆ ಕಂಡದ್ದು ಅಷ್ಟೇ.

ಸಿಪ್ಪೆಯ ಮಾತು ಶುರುವಾದದ್ದು ಊಟದ ಹೊತ್ತಿನಲ್ಲಿ. ಕಾರ್ಖಾನೆಯಲ್ಲಿ ನನ್ನ ಕೆಲಸ ತಿರುಳನ್ನು ಪರೀಕ್ಷಿಸುವುದು: ಸಿಹಿ ಎಷ್ಟಿದೆ, ಹುಳಿ ಎಷ್ಟಿದೆ, ಡಬ್ಬಕ್ಕೆ ಹೋಗಬಹುದೋ ಇಲ್ಲವೋ. ನನ್ನ ಕೋಣೆಯ ಹಿಂಗೋಡೆಯ ಆಚೆಗೆ, ಬೆಲ್ಟಿನ ಮೇಲಿಂದ ಸಿಪ್ಪೆ ಬಿದ್ದು ಗುಡ್ಡೆಯಾಗುತ್ತದೆ. ಗೋಡೆಯ ಈಚೆಗಿನ ಹಣ್ಣಿಗೆ ನಾಲ್ಕು ಬಗೆಯ ಪರೀಕ್ಷೆ, ಆಚೆಗಿನದಕ್ಕೆ ಒಂದೂ ಇಲ್ಲ. ಎರಡೂ ಅದೇ ಹಣ್ಣಿನದು. ಇದು ನನಗೆ ಮೊದಲಿನಿಂದಲೂ ಸರಿಯಾಗಿ ಅರ್ಥವಾಗದ ಸಂಗತಿ.

‘ಅಷ್ಟೊಂದು ಸಿಪ್ಪೆ ಏನ್ ಮಾಡ್ತಾರಮ್ಮ?’ ದೊಡ್ಡಮ್ಮ ಕೇಳಿದಳು.

‘ಸುತ್ತಮುತ್ತಲವರು ದನಕ್ಕೆ ಒಯ್ಯುತ್ತಾರೆ. ಉಳಿದದ್ದು ಗುಂಡಿಗೆ.’

‘ದನ ತಿಂತಾವಾ?’

ತಿನ್ನುತ್ತವೆ ಎಂದೆ. ಓದುವಾಗ ಕಲಿತದ್ದನ್ನೂ ಹೇಳಿದೆ: ಸ್ವಲ್ಪವೇ ಹಾಕಬೇಕು, ಒಣಹುಲ್ಲಿನ ಜೊತೆ ಕಲಸಬೇಕು, ಕೆಡಲು ಬಿಡಬಾರದು. ದೊಡ್ಡಮ್ಮ ಮೂರಕ್ಕೂ ತಲೆಯಾಡಿಸಿದಳು.

ದೊಡ್ಡಪ್ಪನಿಗೆ ಮಾತ್ರ ಇಷ್ಟವಿರಲಿಲ್ಲ. ‘ಯಾರೋ ತಿಂದ್ಬಿಟ್ಟ ಎಂಜಲು ನಮ್ ಹಸೂಗೆ ಯಾಕೆ?’

‘ಯಾರೂ ತಿಂದಿಲ್ಲ ದೊಡ್ಡಪ್ಪ, ಮಿಷನ್ನು ಸುಲಿದದ್ದು.’

‘ಯಾಕೆ, ಮಿಷನ್ನಿಗೆ ಬಾಯಿಲ್ವಾ?’ ಎಂದು ಅವರು ಮುದ್ದೆ ಮುರಿದರು. ಅಲ್ಲಿಗೆ ವಿರೋಧ ಮುಗಿಯಿತು. ಹಸುವಿನ ವಿಷಯದಲ್ಲಿ ಆ ಮನೆಯಲ್ಲಿ ದೊಡ್ಡಮ್ಮನದೇ ಮಾತು.

ಯಾಕೆಂದರೆ ಹಸು ಅವಳದು. ಅವಳ ಮದುವೆಯಾದ ಹೊಸತರಲ್ಲಿ ನನ್ನ ಅಜ್ಜಿ ತವರಿನಿಂದ ಒಂದು ಹಸು ಕಳಿಸಿಕೊಟ್ಟಿದ್ದಳಂತೆ. ಅದರ ಮೊಮ್ಮಗಳ ಮಗಳು ಇದು. ಮೈಯೆಲ್ಲ ಕಪ್ಪು, ಹಣೆಯಲ್ಲಿ ಮಾತ್ರ ಬಿಳಿ. ಆ ಸಾಲಿನಲ್ಲಿ ಉಳಿದಿದ್ದ ಹೆಣ್ಣು ಇದೊಂದೇ. ಹಿಂದಿನ ಸಲ ಹೋರಿಗರು ಹಾಕಿತ್ತು, ಈಗ ಮತ್ತೆ ತುಂಬು ಗಬ್ಬ. ‘ಈ ಸಲ ಹೆಣ್ಣೇ ನೋಡ್ತಿರು’ ಎಂದು ದೊಡ್ಡಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಅಮ್ಮ ಫೋನು ಮಾಡಿದಾಗಲೂ ನನಗಿಂತ ಮೊದಲು ಹಸುವನ್ನು ವಿಚಾರಿಸುತ್ತಿದ್ದಳು.

ಊರಿನವರೊಬ್ಬರ ಟ್ರ್ಯಾಕ್ಟರು ಕಾರ್ಖಾನೆಗೆ ಹಣ್ಣು ತಂದು, ವಾಪಸ್ಸು ಬರುವಾಗ ಅವರ ದನಗಳಿಗೆ ಸಿಪ್ಪೆ ತುಂಬಿಕೊಂಡು ಬರುತ್ತಿತ್ತು. ದಾರಿಯಲ್ಲಿ ನಮ್ಮ ಮನೆಗೂ ನಾಲ್ಕು ಬುಟ್ಟಿ ಇಳಿಸತೊಡಗಿದರು. ಹಸುವಿಗೆ ಮೊದಲ ಬೊಗಸೆಯಲ್ಲೇ ರುಚಿ ಹತ್ತಿತು. ರಾಗಿ ಹುಲ್ಲಿನ ನಡುವೆ ಮೂಗು ತೂರಿಸಿ ಸಿಪ್ಪೆಯನ್ನೇ ಆರಿಸಿ ತಿನ್ನುವುದು ನೋಡಲು ಚೆಂದ. ಎದುರುಮನೆಯಾಕೆ ದಿನಕ್ಕೊಮ್ಮೆ ಬಂದು ನಿಂತು ನೋಡುತ್ತಿದ್ದಳು. ಆಕೆಯ ತವರು ಆಂಧ್ರದ ಗಡಿಯ ಕಡೆ.

‘ಅಬ್ಬಬ್ಬಾ! ಏಂದಕ್ಕಾ ಇದು, ಹಸೂಗೆ ಜ್ಯೂಸ್ ಅಂಗ್ಡಿ ಇಟ್ಟಿದೀಯಾ? ನಮ್ ಮಕ್ಕಳಿಗೇ ಹಣ್ಣಿಗೆ ಗತಿಯಿಲ್ಲ!’

‘ನಿನ್ ಮಕ್ಕಳು ಹಾಲು ಕೊಡ್ತಾವೇನೇ? ಕೊಡೋದಾದ್ರೆ ಕರ್ಕೊಂಬಾ, ಅವಕ್ಕೂ ಒಂದ್ ಬುಟ್ಟಿ ಹಾಕ್ತೀನಿ.’

ನನಗೆ ಒಳಗೊಳಗೇ ಸಂತೋಷವಾಗುತ್ತಿತ್ತು. ಗೋಡೆಯ ಆಚೆ ಬಿದ್ದಿದ್ದ ವಸ್ತುವಿಗೆ ಒಂದು ಜಾಗ ಸಿಕ್ಕಿತ್ತು. ಆ ಮನೆಯಲ್ಲಿ ನನಗೂ ಒಂದು ಜಾಗ ಸಿಕ್ಕಂತಾಗಿತ್ತು.

ಅದೊಂದು ಭಾನುವಾರ. ಹುಳಗಳು ಕೊನೆಯ ಹಂತದಲ್ಲಿದ್ದವು, ಇನ್ನೇನು ಗೂಡು ಕಟ್ಟಬೇಕು. ಹಗಲೂ ರಾತ್ರಿ ಸೊಪ್ಪು ಹಾಕಿ ದೊಡ್ಡಮ್ಮ, ದೊಡ್ಡಪ್ಪ ಇಬ್ಬರ ಕಣ್ಣೂ ಕೆಂಪಾಗಿದ್ದವು. ಮಧ್ಯಾಹ್ನ ನಾನು ಬಟ್ಟೆ ಒಣಗಹಾಕುತ್ತಿದ್ದಾಗ ಕೊಟ್ಟಿಗೆಯಿಂದ ದೊಡ್ಡಮ್ಮ ಕೂಗಿದಳು.

‘ಬಾರಮ್ಮ ಇಲ್ಲಿ! ಇವ್ಳು ನೋಡು, ಗೋಡೆಗೆ ಒರಗ್ಕೊಂಡವ್ಳೆ.’

ಹಸು ನಿಜವಾಗಿಯೂ ಒರಗಿತ್ತು. ಒಂದು ಪಕ್ಕೆಯನ್ನು ಗೋಡೆಗೆ ಕೊಟ್ಟು, ಕಣ್ಣು ಅರ್ಧ ಮುಚ್ಚಿ ನಿಂತಿತ್ತು. ಹಗ್ಗ ಹಿಡಿದು ಎಳೆದಾಗ ಒಂದು ಹೆಜ್ಜೆ ಇಟ್ಟು, ಮುಂಗಾಲು ತೊಡರಿ ಮತ್ತೆ ಗೋಡೆಗೇ ಹೋಯಿತು. ಗೋದಲಿಯಲ್ಲಿ ಬೆಳಗಿನ ಮೇವು ಹಾಗೇ ಇತ್ತು. ಸಗಣಿ ನೀರಾಗಿತ್ತು. ಕೆಚ್ಚಲಿನ ಕಡೆ ನೋಡಿದೆ, ಹೊಟ್ಟೆಯ ಕಡೆ ನೋಡಿದೆ. ಎಲ್ಲಿ ನೋಡಬೇಕೆಂದು ನನಗೆ ತಿಳಿಯಲಿಲ್ಲ. ನಾನು ಓದಿದ್ದು ಮನುಷ್ಯರ ಆಹಾರ. ಕರು ಹಾಕುವ ಮುಂಚೆ ಹಸುಗಳು ಹೀಗೆ ನಿಲ್ಲುತ್ತವೆಯೋ ಏನೋ ಎಂದು ದೊಡ್ಡಮ್ಮನ ಮುಖ ನೋಡಿದರೆ, ಅವಳು ನನ್ನ ಮುಖ ನೋಡುತ್ತಿದ್ದಳು.

ಶಿಡ್ಲಘಟ್ಟದಿಂದ ಪಶುವೈದ್ಯರು ಬೈಕಿನಲ್ಲಿ ಬಂದಾಗ ಇನ್ನೂ ಬಿಸಿಲಿತ್ತು. ಎಡಪಕ್ಕೆಗೆ ಮುಷ್ಟಿ ಒತ್ತಿ ನೋಡಿದರು, ಸ್ಟೆತಾಸ್ಕೋಪು ಇಟ್ಟು ಆಲಿಸಿದರು, ಹೊಟ್ಟೆಯ ಕೆಳಗೆ ಕೈ ಹಿಡಿದು ಬಹಳ ಹೊತ್ತು ಸುಮ್ಮನೆ ನಿಂತರು.

‘ಕರು ಅಲ್ಲಾಡ್ತಿದೆ. ಹೊಟ್ಟೆ ಮಾತ್ರ ಕೆಲಸ ನಿಲ್ಸಿದೆ. ಏನ್ ತಿಂದಿತ್ತು?’

ನಾಲ್ಕು ಜನ ಒಟ್ಟಿಗೆ ಉತ್ತರ ಕೊಟ್ಟೆವು.

‘ದಿನಾ ತಿನ್ನೋದೇ ಸಾರ್,’ ಅಂದರು ದೊಡ್ಡಪ್ಪ. ‘ಜೋಳದ ಕಡ್ಡಿ, ರಾಗಿ ಹುಲ್ಲು. ಮತ್ತೆ ಆ ಫ್ಯಾಕ್ಟ್ರಿ ಎಂಜಲು. ನಾನು ಬ್ಯಾಡ ಅಂದೆ.’

‘ದೃಷ್ಟಿ ಸಾರ್,’ ಅಂದಳು ಎದುರುಮನೆಯಾಕೆ. ‘ಅಷ್ಟು ಚೆಂದ ತಿಂತಿತ್ತು, ಊರೆಲ್ಲ ನೋಡ್ಲಿಲ್ವಾ?’

‘ಊರಲ್ಲಿ ನೋಡ್ದೋಳು ನೀನೊಬ್ಳೇ ಕಣೇ,’ ಅಂದಳು ದೊಡ್ಡಮ್ಮ. ಆಮೇಲೆ ವೈದ್ಯರ ಕಡೆ ತಿರುಗಿ, ‘ಸಿಪ್ಪೆ ಚೆನ್ನಾಗೇ ಐತೆ ಸಾರ್. ಒಂಚೂರೂ ಬಾಡಿಲ್ಲ. ಕೆಡಕ್ಕೇ ಬಿಟ್ಟಿಲ್ಲ ನಾನು.’

ನಾನು, ಸಿಪ್ಪೆ ಮಿತವಾಗಿ ಕೊಟ್ಟರೆ ಮೇವಿಗೆ ಒಳ್ಳೆಯದೇ ಎಂದು ಓದಿದ್ದೇನೆ ಎಂದೆ. ನನ್ನ ದನಿ ನನಗೇ ಪರೀಕ್ಷೆಯ ಉತ್ತರದಂತೆ ಕೇಳಿಸಿತು.

ವೈದ್ಯರು ಒಬ್ಬೊಬ್ಬರನ್ನೇ ನೋಡಿದರು. ‘ಸಿಪ್ಪೆ ಸರಿಯಾಗಿದ್ರೆ ಇದು ಕರು ಹಾಕೋ ಮುಂಚಿನ ನಿತ್ರಾಣ ಇರ್ಬೋದು. ಅದಕ್ಕೆ ಬೇರೆ ಔಷಧಿ. ಸಿಪ್ಪೆಯಿಂದಾನೇ ಆಗಿದ್ರೆ ಇದಕ್ಕೆ ಬೇರೆ. ಯಾವ್ದು ಅಂತ ನೀವೇ ಸರಿಯಾಗಿ ಹೇಳ್ಬೇಕು. ಗಬ್ಬದ ಹಸು, ಎರಡೂ ಕೊಟ್ಟು ನೋಡೋಣ ಅನ್ನಕ್ಕಾಗಲ್ಲ.’

ನನಗೆ ಏನೂ ಹೊಂದಿಕೆಯಾಗಲಿಲ್ಲ. ಮಿತವಾಗಿ ಹಾಕುವುದನ್ನು ಕಣ್ಣಾರೆ ನೋಡಿದ್ದೆ. ಹುಲ್ಲು ಕಲಸುವುದನ್ನೂ ನೋಡಿದ್ದೆ. ದೊಡ್ಡಮ್ಮ ಸುಳ್ಳು ಹೇಳುವವಳಲ್ಲ. ನಾನು ಓದಿದ್ದೂ ಸುಳ್ಳಾಗಿರಲಾರದು. ಎಲ್ಲವೂ ಸರಿ ಇದ್ದರೆ ಈ ಹಸು ಗೋಡೆಗೆ ಯಾಕೆ ಒರಗಿದೆ?

ಏನು ಮಾಡಬೇಕೆಂದು ತೋಚದೆ ಅದರ ಹಣೆಯ ಬಿಳಿಯ ಮೇಲೆ ಕೈಯಿಟ್ಟೆ. ಹಸು ಉಸಿರು ಬಿಟ್ಟಿತು. ಆ ಉಸಿರು ನನಗೆ ಗೊತ್ತಿತ್ತು. ನಮ್ಮ ಪರೀಕ್ಷೆಯ ಕೋಣೆಯಲ್ಲಿ ಯಾರೋ ಮರೆತು ಬಿಟ್ಟ ತಿರುಳಿನ ಬಾಟಲಿಯ ಮುಚ್ಚಳ ತೆಗೆದಾಗ ಮೂಗಿಗೆ ಹೊಡೆಯುವ ವಾಸನೆ ಅದು: ಹುಳಿ, ಅದರ ಹಿಂದೆಯೇ ಅಮಲೇರಿಸುವ ಹೆಂಡದ ಘಾಟು. ಒಡನೆಯೇ ಮೋರಿಯ ಬಾಯಿಯ ಹಳದಿ ಗೆರೆ ನೆನಪಾಯಿತು, ಅದರ ಮೇಲಿನ ನೊರಜುಗಳೂ. ನೊರಜು ಅರಿಶಿನಕ್ಕೆ ಬರುವುದಿಲ್ಲ.

‘ದೊಡ್ಡಮ್ಮ, ಸಿಪ್ಪೆ ಎಲ್ಲಿಟ್ಟಿದ್ದೀಯ?’

‘ಹಳೇ ಸೊಪ್ಪಿನ ಮನೇಲಿ. ಹುಳಕ್ಕೆ ವಾಸ್ನೆ ಹೋಗ್ದಂಗೆ ಕದ ಮುಚ್ಚೇ ಇಟ್ಟಿದೀನಿ. ಯಾಕಮ್ಮ?’

ನಾನು ಬೇಲಿಯ ಕಡೆ ನಡೆದೆ. ನೆನೆದ ಗೋಣಿಯ ಮೇಲೆ ಕಾಲಿಟ್ಟೆನೋ ಇಲ್ಲವೋ ಈಗಲೂ ನೆನಪಿಲ್ಲ. ಹಿಂದಿನಿಂದ ದೊಡ್ಡಪ್ಪ ಕೂಗುತ್ತಿದ್ದರು: ‘ಏಯ್, ಎಲ್ಲಿಗಮ್ಮ! ಹುಳ ಅವೆ ಅಲ್ಲಿ! ತಲೆಗೂದ್ಲಾದ್ರೂ ಕಟ್ಕೊಳ್ಳೇ!’

ಹಳೆಯ ಸೊಪ್ಪಿನ ಮನೆಯ ಕದ ತೆರೆದೆ. ಒಳಗೆ ತಂಪಾಗಿತ್ತು, ನೆಲ ಗುಡಿಸಿತ್ತು. ನಡುವೆ ನಡೆಯಲು ದಾರಿ ಬಿಟ್ಟು, ಎರಡೂ ಕಡೆ ಸಿಪ್ಪೆಯನ್ನು ಮೊಣಕಾಲೆತ್ತರಕ್ಕೆ ಮಟ್ಟಸವಾಗಿ ಹರಡಿತ್ತು. ಅದರ ಮೇಲೆ ಒದ್ದೆ ಗೋಣಿಗಳನ್ನು ಹಾಸಿಗೆಯ ಮೇಲೆ ದುಪ್ಪಟಿ ಹೊದಿಸಿದಂತೆ ಅಂಚು ಕೂಡಿಸಿ ಹೊದಿಸಿತ್ತು. ಮೂಲೆಯಲ್ಲಿ ಒಂದು ಬಕೆಟ್ಟು ನೀರು, ಚಿಮುಕಿಸಲು ಒಂದು ಚೊಂಬು. ಗೋಣಿ ಈಗ ತಾನೇ ನೆನೆಸಿದ್ದರಿಂದ ಇನ್ನೂ ತೊಟ್ಟಿಕ್ಕುತ್ತಿತ್ತು.

ಆ ಮನೆಯಲ್ಲಿ ಹಿಪ್ಪುನೇರಳೆ ಸೊಪ್ಪನ್ನು ಇಡುವುದು ಹೀಗೆಯೇ. ಕಿತ್ತು ತಂದ ಸೊಪ್ಪು ಬಾಡಿದರೆ ಹುಳ ಮುಟ್ಟುವುದಿಲ್ಲ. ಆದ್ದರಿಂದ ತಂಪು ಕೋಣೆ, ಒದ್ದೆ ಗೋಣಿ, ಆಗಾಗ ನೀರು. ದೊಡ್ಡಮ್ಮನ ಕೈಗಳು ಮದುವೆಯಾಗಿ ಬಂದಾಗಿನಿಂದ ಮಾಡಿದ ಕೆಲಸ ಇದು. ಕೆಡಬಾರದು ಎಂದು ನಾನು ಹೇಳಿದ್ದೆ. ಅವಳು ಕೆಡದಂತೆ ಇಟ್ಟಿದ್ದಳು.

ಒಂದು ಗೋಣಿ ಎತ್ತಿದೆ. ಮೇಲಿನ ಪದರ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತಿತ್ತು, ಒಂದಿಷ್ಟೂ ಬಾಡಿರಲಿಲ್ಲ. ಕೈಯನ್ನು ಒಳಗೆ ಹಾಕಿದೆ. ಒಳಗೆ ಬಿಸಿಯಿತ್ತು. ಅಡಿಯಲ್ಲಿ ಕಂದುಬಣ್ಣದ ನೊರೆ. ಗೋಡೆಯ ಬದಿಗೆ, ಬುಡದಿಂದ ಕೈಹಾಕಿ ಸಿಪ್ಪೆ ಎಳೆದುಕೊಂಡಿದ್ದ ಒಂದು ಪೊಳ್ಳು ಜಾಗ ಕಾಣಿಸಿತು. ಮೊದಲು ತಂದ ಸೊಪ್ಪನ್ನು ಮೊದಲು ಹಾಕಬೇಕೆನ್ನುವುದೂ ಆ ಮನೆಯ ಕ್ರಮವೇ. ಹೊಸ ಸಿಪ್ಪೆ ಮೇಲೆ ಬೀಳುತ್ತಿತ್ತು, ಹಸುವಿನ ಪಾಲಿಗೆ ಬರುತ್ತಿದ್ದದ್ದು ಯಾವಾಗಲೂ ಅಡಿಯದು. ಅಷ್ಟು ಅಚ್ಚುಕಟ್ಟಾಗಿ ಇಟ್ಟು ಕೆಟ್ಟ ವಸ್ತುವನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

ಹೊರಗೆ ಹೋಗಿ ಇದನ್ನು ಹೇಳಿದರೆ ಹಸುವನ್ನು ಈ ಸ್ಥಿತಿಗೆ ತಂದದ್ದು ದೊಡ್ಡಮ್ಮನ ಕೈ ಎಂದು ಹೇಳಿದಂತೆ. ಅದನ್ನು ಎದುರುಮನೆಯಾಕೆಯ ಮುಂದೆ, ದೊಡ್ಡಪ್ಪನ ಮುಂದೆ ಹೇಳಬೇಕು. ಹೇಳದಿದ್ದರೆ ಬೇರೆ ಔಷಧಿ ಹಸುವಿನ ಹೊಟ್ಟೆಗೆ ಹೋಗುತ್ತದೆ. ನಾನು ಆ ಮನೆಯಲ್ಲಿ ಬೇಕಾದ್ದನ್ನೇ ಕೇಳದೆ ಇದ್ದವಳು. ಬೇಡದ್ದನ್ನು ಹೇಗೆ ಹೇಳುವುದು?

ಒಂದು ಹಿಡಿ ಅಡಿಯ ಸಿಪ್ಪೆ ತೆಗೆದುಕೊಂಡು ಹೊರಗೆ ಬಂದೆ. ಅದನ್ನು ವೈದ್ಯರ ಮೂಗಿನ ಹತ್ತಿರ ಹಿಡಿದೆ. ಅವರು ಮುಖ ಹಿಂದಕ್ಕೆಳೆದುಕೊಂಡರು.

‘ಇದನ್ನ ತಿಂದಿದ್ದಾ?’

‘ಹೌದು. ಗೋಣಿ ಹೊದಿಸಿ, ನೀರು ಹಾಕಿ ಇಟ್ಟಿದ್ದಾರೆ. ಸೊಪ್ಪಿನ ಹಾಗೆ.’

‘ಹೊಟ್ಟೇಲಿ ಹುಳಿ ತುಂಬ್ಕೊಂಡಿದೆ. ಅಮಲೂ ಏರಿದೆ ಇದಕ್ಕೆ,’ ಎನ್ನುತ್ತ ಅವರು ಕೈಲಿದ್ದ ಔಷಧಿಯನ್ನು ಚೀಲಕ್ಕೆ ಹಾಕಿ ಬೇರೆ ತೆಗೆದರು. ‘ಮನೇಲಿ ಅಡುಗೆ ಸೋಡ ಇದ್ಯಾ? ಎಷ್ಟಿದ್ಯೋ ಅಷ್ಟೂ ತನ್ನಿ. ಗೊಟ್ಟ ಇದ್ಯಾ?’

ಎದುರುಮನೆಯಾಕೆಯೇ ಓಡಿಹೋಗಿ ಸೋಡ ತಂದಳು. ದೊಡ್ಡಪ್ಪ ಮಾಡಿನಿಂದ ಗೊಟ್ಟ ಇಳಿಸಿದರು, ದನಗಳಿಗೆ ಔಷಧಿ ಕುಡಿಸುವ ಬಿದಿರಿನ ಕೊಳವೆ. ಹಸುವಿನ ತಲೆಯನ್ನು ದೊಡ್ಡಮ್ಮನೇ ಎತ್ತಿ ಹಿಡಿದಳು. ವೈದ್ಯರು ಸೋಡ ಕರಗಿಸಿ ಕುಡಿಸಿದರು, ಸೂಜಿ ಚುಚ್ಚಿದರು, ನಿಲ್ಲಲು ಬಿಡದೆ ಅಂಗಳದಲ್ಲಿ ನಡೆಸಿ ಎಂದರು. ದೊಡ್ಡಪ್ಪ ಹಗ್ಗ ಹಿಡಿದು ಮುಂದೆ, ನಾನು ಹಿಂದೆ.

‘ಕುಡುದ್ಬಿಟ್ಟಿರೋರ್ನ ಮನೆಗೆ ಕರ್ಕೊಂಡೋಗೋ ಕೆಲ್ಸ ನಂಗೆ ಗೊತ್ತು ಬಿಡು,’ ಎಂದರು ದೊಡ್ಡಪ್ಪ. ‘ನಮ್ ಅಣ್ಣನ್ನ ಎಷ್ಟು ಸಲ ಕರ್ಕೊಂಬಂದಿಲ್ಲ.’ ಯಾರೂ ನಗಲಿಲ್ಲ. ಅವರೂ ನಗಲಿಲ್ಲ.

ಹೊರಡುವಾಗ ವೈದ್ಯರು ದೊಡ್ಡಮ್ಮನಿಗೆ ಹೇಳಿದರು: ‘ಬೆಳಗ್ಗೆವರೆಗೂ ಒಣಹುಲ್ಲು ಬಿಟ್ಟು ಏನೂ ಬೇಡಮ್ಮ. ಮೆಲುಕು ಹಾಕಿದ್ರೆ ತಾಯಿ ಕರು ಎರಡೂ ಉಳಿದ್ವು ಅಂತ ತಿಳ್ಕೊಳ್ಳಿ. ಹಾಕ್ಲಿಲ್ಲ ಅಂದ್ರೆ ಫೋನ್ ಮಾಡಿ.’

ದೊಡ್ಡಮ್ಮ ನನ್ನನ್ನು ಬೈಯಲಿಲ್ಲ. ಅದಕ್ಕೆ ನಾನು ಕಾಯುತ್ತಿದ್ದೆ. ಸಂಜೆ ಹುಳಕ್ಕೆ ಸೊಪ್ಪು ಹಾಕಿ ಬಂದು, ಕೊಟ್ಟಿಗೆಯ ಮೆಟ್ಟಿಲ ಮೇಲೆ ಕೂತು ಕೇಳಿದಳು:

‘ಸೊಪ್ಪು ಹಂಗಿಟ್ರೆ ಉಳೀತದೆ. ಇದ್ಯಾಕಮ್ಮ ಕೆಡ್ತು?’

ಹೇಳಲು ಹೊರಟೆ. ಸೊಪ್ಪಿನಲ್ಲಿ ಅಷ್ಟು ಸಕ್ಕರೆ ಇಲ್ಲ, ಸಿಪ್ಪೆಯಲ್ಲಿ ಇದೆ. ಒದ್ದೆ ಮಾಡಿದಷ್ಟೂ ಕಣ್ಣಿಗೆ ಕಾಣದ ಜೀವಗಳು ಆ ಸಕ್ಕರೆಯನ್ನು ತಿಂದು ಹುಳಿ ಮಾಡುತ್ತವೆ ಎಂದೆ. ಗಾಳಿಯಾಡದಂತೆ ಡ್ರಮ್ಮಿನಲ್ಲಿ ತುಳಿದು ತುಂಬಿದರೆ ಆಗಲೂ ಹುಳಿಯಾಗುತ್ತದೆ, ಆದರೆ ಆ ಹುಳಿ ಮೇವನ್ನು ಉಳಿಸುತ್ತದೆ ಎಂದೆ.

‘ಆ ಹುಳಿ ಒಳ್ಳೇದು, ಈ ಹುಳಿ ಕೆಟ್ಟದ್ದಾ?’

ಹೌದು ಎಂದೆ. ಹಾಗೆನ್ನುವಾಗ ನನಗೇ ಗೊಂದಲವಾಯಿತು. ಪುಸ್ತಕದಲ್ಲಿ ಅದು ಎರಡು ಬೇರೆ ಬೇರೆ ಅಧ್ಯಾಯಗಳಲ್ಲಿತ್ತು. ಇಲ್ಲಿ ಒಂದೇ ಹಸುವಿನ ಹೊಟ್ಟೆಯಲ್ಲಿತ್ತು.

‘ನಂಗೆ ತಿಳೀಲಿಲ್ಲ ಕಣಮ್ಮ,’ ಅಂದಳು ದೊಡ್ಡಮ್ಮ. ‘ಕರು ಹಾಕಿದ್ಮೇಲೂ ಒಂದಷ್ಟು ದಿನ ಇರ್ಲಿ ಅಂತ ಎತ್ತಿಟ್ಟೆ. ನಿಮ್ ಫ್ಯಾಕ್ಟ್ರಿ ಹಣ್ಣು ಮುಗಿದ್ರೆ ನಿಲ್ಸ್‌ಬಿಡ್ತಾರಂತಲ್ಲ.’ ಸೆರಗು ಕೊಡವಿ ಎದ್ದು, ‘ಇನ್ ಸಾಕು. ನಾಳೆ ಟ್ರ್ಯಾಕ್ಟ್ರು ಬಂದ್ರೆ ಮುಂದಕ್ಕೋಗು ಅಂದ್ಬಿಡು,’ ಎಂದಳು.

ಬೆಳಗ್ಗೆ ಎದ್ದವಳೇ ಕೊಟ್ಟಿಗೆಗೆ ಹೋದೆ. ಹಸು ಮಲಗಿತ್ತು. ಬಾಗಿ ದವಡೆ ನೋಡಿದೆ. ಎಡದಿಂದ ಬಲಕ್ಕೆ ಒಮ್ಮೆ ಸರಿದು ನಿಂತಿತು. ನಿಂತೇ ಇತ್ತು. ಮತ್ತೆ ಸರಿಯಿತು, ಕತ್ತಿನಲ್ಲಿ ಒಂದು ಉಂಡೆ ಮೇಲಕ್ಕೆ ಹತ್ತುವುದು ಕಂಡಿತು. ದೊಡ್ಡಮ್ಮ ಆಗಲೇ ಅಲ್ಲಿದ್ದಳು, ಕಂಬಕ್ಕೆ ಒರಗಿ, ಸೆರಗು ಬಾಯಿಗೆ ಒತ್ತಿಕೊಂಡು. ನನಗೆ ಕೈಸನ್ನೆಯಲ್ಲಿ ಸದ್ದು ಮಾಡಬೇಡ ಎಂದಳು.

ಸೋಡದಿಂದಲೋ, ಸೂಜಿಯಿಂದಲೋ, ನಡೆಸಿದ್ದರಿಂದಲೋ, ಅಥವಾ ಅದಾಗಿಯೇ ಇಳಿಯಿತೋ ನನಗೆ ಗೊತ್ತಿಲ್ಲ.

ಅಷ್ಟರಲ್ಲಿ ಬೀದಿಯಲ್ಲಿ ಟ್ರ್ಯಾಕ್ಟರಿನ ಸದ್ದು ಬಂತು. ದೊಡ್ಡಮ್ಮ ನನ್ನನ್ನು ನೋಡಿದಳು. ಮುಂದಕ್ಕೆ ಹೋಗು ಎನ್ನಲು ನಾನು ಬೀದಿ ಬಾಗಿಲಿಗೆ ಹೋದೆ. ಟ್ರೇಲರಿನಲ್ಲಿ ಸಿಪ್ಪೆ ಹೊಳೆಯುತ್ತಿತ್ತು, ನಿನ್ನೆಯದಾದರೂ ವಾಸನೆ ಇನ್ನೂ ಬರಿಯ ಹಣ್ಣಿನದೇ. ಯಾಕೆಂದು ಈಗಲೂ ಸ್ಪಷ್ಟವಿಲ್ಲ, ‘ಒಂದು ಬುಟ್ಟಿ ಸಾಕು’ ಎಂದೆ.

ಬುಟ್ಟಿಯನ್ನು ಹೊತ್ತು ತಾರಸಿಗೆ ಹತ್ತಿದೆ. ಅಲ್ಲಿ ಹುಳ ಗೂಡು ಕಟ್ಟಲು ಹಿಂದೆ ಬಳಸುತ್ತಿದ್ದ ಬಿದಿರಿನ ಚಂದ್ರಿಕೆಗಳು ಗೋಡೆಗೆ ಒರಗಿದ್ದವು. ಪ್ಲಾಸ್ಟಿಕ್ಕಿನವು ಬಂದ ಮೇಲೆ ಅವನ್ನು ಯಾರೂ ಇಳಿಸಿರಲಿಲ್ಲ. ಎರಡನ್ನು ಧೂಳು ಹೊಡೆದು ನೆಲಕ್ಕೆ ಹಾಸಿದೆ. ಚಿಕ್ಕಬಳ್ಳಾಪುರದ ಕಡೆಯ ಬೆಟ್ಟಗಳ ಮೇಲೆ ಮೋಡವಿತ್ತು. ಬಿಸಿಲು ಬರುತ್ತದೋ ಇಲ್ಲವೋ, ಬಂದರೂ ಇಷ್ಟು ಒಣಗುತ್ತದೋ ಇಲ್ಲವೋ ಹೇಳುವಂತಿರಲಿಲ್ಲ. ಕೆಳಗೆ ದೊಡ್ಡಮ್ಮ ಅಂಗಳಕ್ಕೆ ಬಂದು ತಲೆಯೆತ್ತಿ ನೋಡಿದಳು. ಆಮೇಲೆ ಒಣಹುಲ್ಲಿನ ಒಂದು ಕಟ್ಟು ಎತ್ತಿಕೊಂಡು ಕೊಟ್ಟಿಗೆಗೆ ಹೋದಳು. ಬಸ್ಸಿಗೆ ಹೊತ್ತಾಗಿತ್ತು. ನಾನು ಕೂತು, ಚಂದ್ರಿಕೆಯ ಸುರುಳಿಗಳ ನಡುವೆ, ಒಂದರ ಮೇಲೊಂದು ಬೀಳದಂತೆ, ಒಳಮೈ ಮೇಲಾಗಿ, ಸಿಪ್ಪೆಗಳನ್ನು ಬಿಡಿಬಿಡಿಯಾಗಿ ಹರಡಿದೆ.